ಸೂತ್ರವೂ ಪ್ರೋಗ್ರಾಮೂ
ರಾಯಚೂರು, ದೇವದುರ್ಗ, ಮಾನ್ವಿಗಳ ಸೀಮೆಯು 9ನೆಯ ಶತಮಾನದಲ್ಲಿ ಮಾನ್ಯಖೇಟದ ರಾಷ್ಟ್ರಕೂಟರ ಆಳ್ವಿಕೆಗೆ ಒಳಪಟ್ಟಿತ್ತು. ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಲೆಕ್ಕದ ವಿಧಿಗಳನ್ನು ಸಂಸ್ಕೃತ ಪದ್ಯಸೂತ್ರಗಳಾಗಿ ಬರೆದನು, 12ನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ರಚಿಸಿದನು. ಪದ್ಯದಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೆ ಛಂದಸ್ಸೇ ಅದನ್ನು ತೋರಿಸಿಕೊಡುತ್ತಿತ್ತು.

1985ರಲ್ಲಿ ಕ್ಯಾಸಿಯೊ ಸಂಸ್ಥೆಯು ರೇಖಾಚಿತ್ರ ಬಿಡಿಸುವ ಮೊದಲ ಕ್ಯಾಲ್ಕ್ಯುಲೇಟರಾದ ಎಫ್‌ಎಕ್ಸ್-7000ಜಿಯನ್ನು ಹೊರತಂದಿತು. ಅದರಲ್ಲಿ ಪ್ರೋಗ್ರಾಮಿಗೆ 422 ಹೆಜ್ಜೆಗಳಷ್ಟು ಸ್ಥಳವಿದ್ದಿತು. ಬರೆದ ವಿಧಿಯ ನಡುವೆ ಬೇಕಾದ ಹೆಜ್ಜೆಯನ್ನು ಸೇರಿಸಬಹುದಾಗಿತ್ತು, ಬೇಡವಾದುದನ್ನು ಅಳಿಸಬಹುದಾಗಿತ್ತು. ತಿದ್ದುವುದು ಸುಲಭವಾಯಿತು, ಆದರೆ ಕಾವಲಿಗೆ ಛಂದಸ್ಸಿಲ್ಲ. ಕೂಡಬೇಕಾದೆಡೆ ಕಳೆಯೆಂದು ಬರೆದರೂ ಯಂತ್ರವು ನಿಸ್ಸಂಕೋಚವಾಗಿ ಉತ್ತರ ಕೊಡುತ್ತದೆ.

ಪ್ರಾಚೀನರು ಸೂತ್ರದ ಬೆನ್ನಿಗೇ ಉದಾಹರಣೆಯನ್ನು ಇಟ್ಟ ಕ್ರಮವು ಇಲ್ಲಿ ನಮಗೆ ಮಾರ್ಗದರ್ಶಕ. ತಿದ್ದಿದ ಪ್ರೋಗ್ರಾಮನ್ನು ಉತ್ತರ ತಿಳಿದ ಲೆಕ್ಕವೊಂದರಿಂದ ಪರೀಕ್ಷಿಸದೆ ನಂಬಲಾಗದೆಂಬುದೇ ನಮ್ಮ ಅಭಿಪ್ರಾಯ.