ಅಂಗವಿಕಲರ ಮಾಸಾಶನ

ಕರ್ನಾಟಕ ಸರ್ಕಾರದ ಸಾಮಾಜಿಕ ಭದ್ರತಾ ಪಿಂಚಣಿ. ಕನಿಷ್ಠ ಶೇ 40 ವೈಕಲ್ಯವಿರಬೇಕು, ಅರ್ಜಿ ನಾಡಕಚೇರಿಗೆ. 2021ರ ಪರಿಷ್ಕರಣೆಯಲ್ಲಿ ಶೇ 75ಕ್ಕಿಂತ ಕಡಿಮೆ ಇದ್ದವರಿಗೆ ತಿಂಗಳಿಗೆ 800 ರೂ. ಎಂದಾಯಿತು; ಅದಕ್ಕೂ ಮೇಲ್ಪಟ್ಟವರಿಗೆ ಆಗಲೇ 1,400 ರೂ. ಇತ್ತು. ಕೊಡಗಿನ ಪೊನ್ನಂಪೇಟೆ ತಾಲ್ಲೂಕಿನ ತಿತಿಮತಿಯಂಥ ಕಾಡಂಚಿನ ಊರಿನಲ್ಲಿ ಮೊತ್ತಕ್ಕಿಂತ ದೊಡ್ಡ ತೊಡಕು ವೈದ್ಯರ ಪ್ರಮಾಣಪತ್ರವೇ. ಆದಿವಾಸಿ ಹಾಡಿಯ ಜೇನುಕುರುಬರೋ ಯರವರೋ ಅದಕ್ಕಾಗಿ ತೋಟದ ಕೂಲಿ ಬಿಟ್ಟು, ನಡೆಯಲಾಗದವರನ್ನೂ ಕರೆದುಕೊಂಡು ಬಸ್ಸು ಹಿಡಿಯಬೇಕು. ಕಾಗದಪತ್ರಕ್ಕೆ ನೆರವಾಗುವವರು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಗೌರವಧನಕ್ಕೆ ದುಡಿಯುವ ಇವರೂ ಅಂಗವಿಕಲರೇ. ಇನ್ನು ಅಂಗವಿಕಲರ ಆರೈಕೆ ಮಾಡುವ ಮನೆಯವರ ದುಡಿಮೆ ಬಹುಕಾಲ ಲೆಕ್ಕಕ್ಕೇ ಬರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಕಲಂ ಆರೈಕೆದಾರರ ಭತ್ಯೆಯನ್ನು ಹೆಸರಿಸಿತು. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ ಮುಂತಾದವುಗಳಿಂದ ಬಳಲುವವರ ಆರೈಕೆದಾರರಿಗೆ ರಾಜ್ಯದ 2024-25ರ ಬಜೆಟ್ ಮಾಸಿಕ 1,000 ರೂ. ಘೋಷಿಸಿತು.