ಯುದ್ಧ ಮುಗಿದರೂ ಮುಗಿಯದ ಸರತಿ: ಮನೆ ಸೇರಲು ಸೈನಿಕರು ಕಾದದ್ದೆಷ್ಟು?

ಯುದ್ಧ ನಿಂತ ದಿನವೇ ಸೈನಿಕನಿಗೆ ಬಿಡುಗಡೆ ದೊರೆಯುವುದಿಲ್ಲ. ಬಿಡುಗಡೆಗೆ ಅರ್ಹನಾದ ದಿನವೇ ಆತ ಮನೆ ಸೇರುವುದೂ ಇಲ್ಲ. ಕಳೆದ ಶತಮಾನದ ಎರಡು ಮಹಾಯುದ್ಧಗಳ ಬಳಿಕ ಈ ನಡುವಿನ ಅವಧಿ ಕೆಲವರಿಗೆ ವಾರಗಳಷ್ಟಿದ್ದರೆ, ಹಲವರಿಗೆ ಒಂದು ವರ್ಷವನ್ನೂ ಮೀರಿತು. ಹಡಗುಗಳ ಕೊರತೆಯೇ ಇದಕ್ಕೆ ಕಾರಣವೆಂದು ಸರ್ಕಾರಗಳು ಹೇಳಿದವು. ಅದು ಸುಳ್ಳೇನಲ್ಲ. ಆದರೆ ಶಿಬಿರಗಳಲ್ಲಿ ಸಿಟ್ಟು ಭುಗಿಲೆದ್ದ ಪ್ರಸಂಗಗಳನ್ನು ಗಮನಿಸಿದರೆ, ತಡವಾದುದಕ್ಕಿಂತಲೂ ತನಗಿಂತ ನಂತರ ಬಂದವನು ಮೊದಲು ಹೋದುದೇ ಸೈನಿಕನನ್ನು ಹೆಚ್ಚು ಕೆರಳಿಸಿದ್ದು ಕಂಡುಬರುತ್ತದೆ.

ಮೊದಲನೆಯ ಮಹಾಯುದ್ಧ 1918ರ ನವೆಂಬರ್ 11ರಂದು ನಿಂತಿತು. ಉದ್ಯಮಗಳಿಗೆ ಅಗತ್ಯವಾದವರನ್ನು ಮೊದಲು ಬಿಡುಗಡೆ ಮಾಡುವುದು ಬ್ರಿಟನ್ ರೂಪಿಸಿದ್ದ ಯೋಜನೆ. ಮಾಲೀಕರಿಂದ ಪತ್ರ ತರಿಸಿಕೊಳ್ಳಬಲ್ಲವರು ಬಹುಪಾಲು ಕೊನೆಯಲ್ಲಿ ಸೇನೆಗೆ ಸೇರಿದವರೇ ಆಗಿದ್ದರು. ನಾಲ್ಕು ವರ್ಷ ಕಂದಕದಲ್ಲಿ ಕಳೆದವನು ಹಿಂದೆಯೇ ಉಳಿದ. 1919ರ ಜನವರಿಯಲ್ಲಿ ಫೋಕ್‌ಸ್ಟನ್ ಬಂದರಿನಲ್ಲಿ ಸಾವಿರಾರು ಸೈನಿಕರು ಫ್ರಾನ್ಸಿಗೆ ಮರಳುವ ಹಡಗು ಹತ್ತಲು ನಿರಾಕರಿಸಿದರು. ಅದೇ ತಿಂಗಳು ಯುದ್ಧ ಸಚಿವರಾದ ವಿನ್‌ಸ್ಟನ್ ಚರ್ಚಿಲ್ ಯೋಜನೆಯನ್ನೇ ಬದಲಿಸಿದರು. 1916ಕ್ಕೆ ಮೊದಲು ಸೇರಿದವರು, 37 ವರ್ಷ ದಾಟಿದವರು ಹಾಗೂ ಮೂರು ಅಥವಾ ಹೆಚ್ಚು ಬಾರಿ ಗಾಯಗೊಂಡವರು ಮೊದಲು ಹೊರಡುವಂತಾಯಿತು.

ಆದರೆ ಕೆನಡಾದ ಸೈನಿಕರಿಗೆ ಸಾಗರ ದಾಟಬೇಕಿತ್ತು. ಉತ್ತರ ವೇಲ್ಸ್‌ನ ಕಿನ್‌ಮೆಲ್ ಶಿಬಿರದಲ್ಲಿ ಹಡಗಿಗಾಗಿ ಸಾವಿರಾರು ಮಂದಿ ಕಾಯುತ್ತಿದ್ದರು. ಪ್ರಯಾಣ ಮತ್ತೆ ಮತ್ತೆ ಮುಂದೂಡಲ್ಪಟ್ಟಿತು. 1919ರ ಮಾರ್ಚ್ 4 ಮತ್ತು 5ರಂದು ನಡೆದ ಗಲಭೆಯಲ್ಲಿ ಐವರು ಪ್ರಾಣ ತೆತ್ತರು. ಯುದ್ಧ ನಿಂತು ಆಗಲೇ ನಾಲ್ಕು ತಿಂಗಳಾಗುತ್ತ ಬಂದಿತ್ತು.

ಅಂಕಗಳ ಲೆಕ್ಕ

ಎರಡನೆಯ ಮಹಾಯುದ್ಧದ ಹೊತ್ತಿಗೆ ಸರ್ಕಾರಗಳು ಎಚ್ಚೆತ್ತಿದ್ದವು. ಅಮೆರಿಕ ಸೇನೆ 1945ರ ಮೇ ತಿಂಗಳಲ್ಲಿ ಅಂಕ ಪದ್ಧತಿಯನ್ನು ಪ್ರಕಟಿಸಿತು. ಸೇವೆಯ ಪ್ರತಿ ತಿಂಗಳಿಗೆ ಒಂದು ಅಂಕ, ವಿದೇಶದಲ್ಲಿ ಕಳೆದ ಪ್ರತಿ ತಿಂಗಳಿಗೆ ಮತ್ತೊಂದು, ಪ್ರತಿ ಪದಕ ಅಥವಾ ಕದನ ತಾರೆಗೆ ಐದು, ಮೂರು ಮಕ್ಕಳವರೆಗೆ ತಲಾ 12 ಅಂಕ. ಬಿಡುಗಡೆಗೆ ಬೇಕಾದದ್ದು 85. ಮೂರು ವರ್ಷ ಸೇವೆ ಸಲ್ಲಿಸಿ, ಅದರಲ್ಲಿ ಎರಡು ವರ್ಷ ವಿದೇಶದಲ್ಲಿದ್ದು, ಒಂದು ಕದನ ತಾರೆ ಪಡೆದ ಒಂದು ಮಗುವಿನ ತಂದೆಗೆ ದೊರೆಯುತ್ತಿದ್ದುದು 77. ಇನ್ನೊಂದು ಮಗುವಿದ್ದರೆ 89! ಆತ ಮನೆಗೆ, ಈತ ಮತ್ತೆ ಬ್ಯಾರಕ್ಕಿಗೆ.

ಬ್ರಿಟನ್ ವಯಸ್ಸು ಮತ್ತು ಸೇವಾವಧಿಯನ್ನು ಕೂಡಿಸಿತು. ಎರಡು ತಿಂಗಳ ಸೇವೆ ಒಂದು ವರ್ಷದ ವಯಸ್ಸಿಗೆ ಸಮ. ಹೀಗಾಗಿ ನಾಲ್ಕು ವರ್ಷ ದುಡಿದ 22ರ ತರುಣನೂ ಒಂದೇ ವರ್ಷ ದುಡಿದ 40ರ ಗೃಹಸ್ಥನೂ ಒಂದೇ ಸರತಿಯಲ್ಲಿ ನಿಂತರು. ಕಾರ್ಮಿಕ ಸಚಿವ ಅರ್ನೆಸ್ಟ್ ಬೆವಿನ್ ರೂಪಿಸಿದ ಈ ಯೋಜನೆ 1945ರ ಜೂನ್ 18ರಂದು ಜಾರಿಗೆ ಬಂದಿತು. ಹೊರಡುವವನಿಗೆ ಒಂದು ಸೂಟು, 56 ದಿನಗಳ ವೇತನಸಹಿತ ರಜೆ.

ಸೂತ್ರ ಸರಳವಾಗಿತ್ತು, ಹಡಗುಗಳು ಸಾಲಲಿಲ್ಲ. ಅಮೆರಿಕ ತನ್ನ ಯುದ್ಧನೌಕೆಗಳನ್ನೂ ಪ್ರಯಾಣಿಕರ ಹಡಗುಗಳಂತೆ ಬಳಸಿತು. ಆದರೂ ಬಿಡುಗಡೆಯ ವೇಗವನ್ನು ತಗ್ಗಿಸುವುದಾಗಿ 1946ರ ಜನವರಿ ಆರಂಭದಲ್ಲಿ ಸೇನೆ ಪ್ರಕಟಿಸಿದಾಗ ಮನಿಲಾದಲ್ಲಿ ಸಾವಿರಾರು ಸೈನಿಕರು ಬೀದಿಗಿಳಿದರು. ಪ್ರತಿಭಟನೆ ಪ್ಯಾರಿಸ್, ಫ್ರಾಂಕ್‌ಫರ್ಟ್‌ಗಳಿಗೂ ಹಬ್ಬಿತು. ಹಡಗಿಲ್ಲದಿದ್ದರೆ ಮತವಿಲ್ಲ ಎಂಬುದು ಅವರ ಘೋಷಣೆ. ಪತಿಯರನ್ನು ಕರೆಸಿಕೊಡಿ ಎಂದು ಪತ್ನಿಯರು ಸಂಸದರಿಗೆ ಕೂಸುಗಳ ಪಾದರಕ್ಷೆಗಳನ್ನು ಕಳುಹಿಸಿದರು. 1945ರ ಮೇ ತಿಂಗಳಲ್ಲಿ 80 ಲಕ್ಷ ಮೀರಿದ್ದ ಅಮೆರಿಕದ ಭೂಸೇನೆ, 1946ರ ಜೂನ್ ಅಂತ್ಯಕ್ಕೆ 20 ಲಕ್ಷಕ್ಕಿಂತ ಕೆಳಗಿಳಿಯಿತು.

ಕರಾಚಿಯಿಂದ ಮುಂಬಯಿಗೆ

ಈ ಕಾಯುವಿಕೆಯ ಬಿಸಿ ಭಾರತಕ್ಕೆ ತಟ್ಟಿದ್ದು ಅದೇ ಜನವರಿಯಲ್ಲಿ. ಕರಾಚಿಯ ಡ್ರಿಗ್ ರೋಡ್ ನೆಲೆಯಲ್ಲಿದ್ದ ಬ್ರಿಟಿಷ್ ವಾಯುಪಡೆಯ ಸಿಬ್ಬಂದಿ ಮುಷ್ಕರ ಹೂಡಿದರು. ನಿಧಾನಗತಿಯ ಬಿಡುಗಡೆ ಅವರ ಮುಖ್ಯ ದೂರು. ಕಾನ್ಪುರ, ಸಿಲೋನ್, ಸಿಂಗಪುರದ ನೆಲೆಗಳಿಗೂ ಮುಷ್ಕರ ವ್ಯಾಪಿಸಿತು. ಆಳುವವರ ಸಮವಸ್ತ್ರ ಧರಿಸಿದವರೇ ಆಜ್ಞೆ ಮೀರಿದ್ದನ್ನು ಭಾರತೀಯ ಯೋಧರು ಕಣ್ಣಾರೆ ಕಂಡರು.

ಭಾರತೀಯರ ಸ್ಥಿತಿ ಇನ್ನೂ ಕಠಿಣವಾಗಿತ್ತು. ಯುದ್ಧಕಾಲದಲ್ಲಿ ಸುಮಾರು 25 ಲಕ್ಷ ಮಂದಿ ಸೇನೆ ಸೇರಿದ್ದರು. ಜಪಾನ್ ಶರಣಾದ ಬಳಿಕವೂ ಭಾರತೀಯ ತುಕಡಿಗಳನ್ನು ಜಾವಾ ಮತ್ತು ಸೈಗಾನ್‌ಗೆ ಕಳುಹಿಸಲಾಯಿತು. ಡಚ್ಚರ ಹಾಗೂ ಫ್ರೆಂಚರ ವಸಾಹತುಗಳು ಮತ್ತೆ ಅವರ ಕೈಸೇರಲು ಇದು ನೆರವಾಯಿತು. ಮನೆ ನೋಡುವ ಹಂಬಲದಲ್ಲಿದ್ದವರು 1945ರ ನವೆಂಬರ್‌ನಲ್ಲಿ ಸುರಬಾಯಾದಲ್ಲಿ ಮತ್ತೊಂದು ಕಾಳಗದಲ್ಲಿ ಸಿಲುಕಿದರು.

1946ರ ಫೆಬ್ರವರಿ 18ರಂದು ಮುಂಬಯಿಯ ತಲವಾರ್ ತರಬೇತಿ ನೆಲೆಯಲ್ಲಿ ನೌಕಾ ಬಂಡಾಯ ಸಿಡಿಯಿತು. ಕೆಟ್ಟ ಊಟ ಮತ್ತು ಜನಾಂಗೀಯ ನಿಂದನೆಯ ಮಾತು ಎಲ್ಲರಿಗೂ ನೆನಪಿದೆ. ನಾವಿಕರ ಬೇಡಿಕೆ ಪಟ್ಟಿಯಲ್ಲಿ ಶೀಘ್ರ ಬಿಡುಗಡೆ, ಬಿಡುಗಡೆಯ ನಂತರ ಉದ್ಯೋಗ, ಇಂಡೋನೇಷ್ಯಾದಿಂದ ಭಾರತೀಯ ಪಡೆಗಳ ವಾಪಸಾತಿ ಸಹ ಇದ್ದವು ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಫೆಬ್ರವರಿ 23ರಂದು ನಾವಿಕರು ಶರಣಾದರು. ಬಂಧಿತರಾಗಿ ಶಿಬಿರಗಳಲ್ಲಿದ್ದ ನೂರಾರು ಮಂದಿಯನ್ನು ಸೇವೆಯಿಂದ ವಜಾ ಮಾಡಿ ಊರಿಗೆ ಕಳುಹಿಸಲಾಯಿತು. ಬಿಡುಗಡೆಯೇನೋ ಬೇಗ ಸಿಕ್ಕಿತು, ಉದ್ಯೋಗದ ಭರವಸೆ ಇಲ್ಲದೆ. ಸ್ವಾತಂತ್ರ್ಯಾನಂತರವೂ ಅವರನ್ನು ನೌಕಾಪಡೆಗೆ ಮರಳಿ ಸೇರಿಸಿಕೊಳ್ಳಲಿಲ್ಲ.