‘ಫ್ರೀ’ಗೆ ಜಪಾನಿನಲ್ಲಿ ಸಿಕ್ಕ ಪದ

‘ಸಂಜೆ ಫ್ರೀ ಇದ್ದೀರಾ?’, ‘ಒಂದು ಕೊಂಡರೆ ಒಂದು ಫ್ರೀ’, ‘ಫ್ರೀ ಪ್ರೆಸ್’. ಮೂರು ಕಡೆಯೂ ಒಂದೇ ಇಂಗ್ಲಿಷ್ ವಿಶೇಷಣ. ಕನ್ನಡದಲ್ಲಾದರೆ ಬಿಡುವು, ಪುಕ್ಕಟೆ, ಸ್ವತಂತ್ರ ಎಂದು ಮೂರು ದಾರಿ ಹಿಡಿಯಬೇಕು. ಜಪಾನಿ ಭಾಷೆಯಲ್ಲೂ ಹಾಗೆಯೇ: ಬಿಡುವಿಗೆ ‘ಹಿಮಾ’, ಪುಕ್ಕಟೆಗೆ ‘ತಾದಾ’. 19ನೇ ಶತಮಾನದ ಅನುವಾದಕರು ತಿಣುಕಿದ್ದು ಮೂರನೆಯ ಅರ್ಥಕ್ಕೆ.

ಕೊನೆಗೆ ನೆಲೆನಿಂತ ‘ಜಿಯೂ’ ಹೊಸ ಪದವೇನಲ್ಲ. ಚೀನಾದಿಂದ ಬಂದ ಎರಡು ಲಿಪಿಚಿಹ್ನೆಗಳು ಸೇರಿ ಆದದ್ದು: ‘ಜಿ’ ಎಂದರೆ ತಾನು, ‘ಯೂ’ ಎಂದರೆ ಮೂಲ, ಕಾರಣ. ಝೆನ್ ಪರಂಪರೆಯಲ್ಲಿ ಅದಕ್ಕೆ ಕಟ್ಟು ಕಳಚಿದ ಮನಸ್ಸಿನ ಘನತೆಯಿತ್ತು. ಆದರೆ ಲೋಕದ ಮಾತಿನಲ್ಲಿ ಹಲವು ಸಲ ಅದು ಬೈಗುಳಕ್ಕೆ ಹತ್ತಿರ. ಯಾರ ಮಾತೂ ಕೇಳದೆ ತೋಚಿದಂತೆ ನಡೆಯುವುದು, ನಮ್ಮ ‘ಸ್ವೇಚ್ಛೆ’ಯ ಹಾಗೆ.

ಫುಕುಜಾವಾ ಯುಕಿಚಿಗೆ ಈ ಅಪಾಯ ಗೊತ್ತಿತ್ತು. ಪಾಶ್ಚಾತ್ಯ ದೇಶಗಳನ್ನು ಪರಿಚಯಿಸಲು 1866ರಲ್ಲಿ ಪ್ರಕಟಿಸಿದ ‘ಸೇಯೋ ಜಿಜೋ’ ಕೃತಿಯಲ್ಲಿ ಜಿಯೂ ಪದ ಬಳಸಿದವರು, ಜೊತೆಗೇ ಒಂದು ಟಿಪ್ಪಣಿ ಸೇರಿಸಿದರು: ಇದರರ್ಥ ಹಟಮಾರಿತನವಲ್ಲ, ಕಾನೂನಿಗೆ ಅಂಜದೆ ಮೆರೆಯುವುದೂ ಅಲ್ಲ. ಪದವನ್ನು ತರುವಾಗಲೇ ಅದರ ಪರವಾಗಿ ವಾದಿಸಬೇಕಾದ ಸ್ಥಿತಿ ಅದು.

1872ರಲ್ಲಿ ನಾಕಾಮುರಾ ಮಸಾನಾವೊ, ಜಾನ್ ಸ್ಟೂವರ್ಟ್ ಮಿಲ್‌ನ ‘ಆನ್ ಲಿಬರ್ಟಿ’ಯನ್ನು ‘ಜಿಯೂ ನೊ ರಿ’ ಎಂಬ ಹೆಸರಿನಲ್ಲಿ ಅನುವಾದಿಸಿದರು. ‘ಸಮಾಜ’ಕ್ಕೆ ಆಗಿನ್ನೂ ಖಚಿತ ಜಪಾನಿ ಪದವಿರಲಿಲ್ಲ. ಹೀಗಾಗಿ ಮಿಲ್ ಸಮಾಜ ಎಂದ ಎಷ್ಟೋ ಕಡೆ ನಾಕಾಮುರಾ ಅವರ ಪುಸ್ತಕದಲ್ಲಿ ಸರ್ಕಾರ ಬಂದು ಕೂತಿತು. ನೆರೆಹೊರೆಯ ಕಣ್ಣಿಗೆ, ಬಹುಮತದ ಒತ್ತಡಕ್ಕೆ ಮಿಲ್ ಅಂಜಿದ್ದ. ಜಪಾನಿ ಓದುಗರ ಮುಂದೆ ಹೆಚ್ಚಾಗಿ ನಿಂತದ್ದು ಪ್ರಜೆ ಮತ್ತು ಪ್ರಭುತ್ವದ ಜಗಳ.

ಅದೇ ಆ ಪದವನ್ನು ಬೀದಿಗೆ ತಂದ ಜಗಳ. 1870ರ ದಶಕದಲ್ಲಿ ‘ಜಿಯೂ ಮಿಂಕೆನ್’, ಅಂದರೆ ಸ್ವಾತಂತ್ರ್ಯ ಮತ್ತು ಜನರ ಹಕ್ಕುಗಳ ಚಳವಳಿ ಶುರುವಾಯಿತು. 1875ರಲ್ಲಿ ಸರ್ಕಾರ ಪತ್ರಿಕೆಗಳ ಬಾಯಿ ಕಟ್ಟುವ ಕಾನೂನು ತಂದಿತು. 1881ರಲ್ಲಿ ಇತಾಗಾಕಿ ತಾಯಿಸುಕೆ ನಾಯಕತ್ವದಲ್ಲಿ ‘ಜಿಯೂತೋ’ ಪಕ್ಷ ಹುಟ್ಟಿತು. 1889ರ ಮೇಯ್ಜಿ ಸಂವಿಧಾನ ವಾಕ್ ಸ್ವಾತಂತ್ರ್ಯಕ್ಕೆ ಇದೇ ಪದವನ್ನು ಒಪ್ಪಿಕೊಂಡಿತು, ಆದರೆ ಕಾನೂನಿನ ಮಿತಿಯೊಳಗೆ ಎಂಬ ಬೇಲಿ ಹಾಕಿ.

1947ರಲ್ಲಿ ಜಾರಿಗೆ ಬಂದ ಸಂವಿಧಾನದ ವಾಕ್ ಸ್ವಾತಂತ್ರ್ಯದ ವಿಧಿಯಲ್ಲಿ ಆ ಬೇಲಿ ಇಲ್ಲ. ಆದರೂ ಅದರ 12ನೇ ವಿಧಿ, ಜನರು ತಮ್ಮ ಸ್ವಾತಂತ್ರ್ಯವನ್ನು ದುರುಪಯೋಗ ಮಾಡಬಾರದು ಎನ್ನುತ್ತದೆ. ಅದನ್ನು ಓದುವಾಗಲೆಲ್ಲ ನನಗೆ ಫುಕುಜಾವಾ ಅವರ ಟಿಪ್ಪಣಿ ನೆನಪಾಗುತ್ತದೆ. ಅವರು ಕಳೆಯಲು ಹೊರಟಿದ್ದ ಆ ಹಳೆಯ ಗುಮಾನಿ 80 ವರ್ಷ ಕಳೆದರೂ ಪೂರ್ತಿ ಹೋಗಿರಲಿಲ್ಲವೇನೋ.